ಏಳು ಗಂಟೆಯ ಎಳೆಬಿಸಿಲು ಸಾಲದು

ಬೆಳಿಗ್ಗೆ ಏಳಕ್ಕೆ ಎಳೆಬಿಸಿಲಿಗೆ ಕೂತರೆ ವಿಟಮಿನ್ ಡಿ ಸಿಗುತ್ತದೆ ಅಂತ ಬರೆದಿದ್ದೀರಿ. ದಯವಿಟ್ಟು ತಿದ್ದಿ. ಚರ್ಮದಲ್ಲಿ ಅದು ತಯಾರಾಗಲು ಬಿಸಿಲಿನಲ್ಲಿರುವ ಯುವಿ-ಬಿ (ಒಂದು ಬಗೆಯ ಅತಿನೇರಳೆ) ಕಿರಣ ಬೇಕು. ಸೂರ್ಯ ಕೆಳಗಿರುವಾಗ ಅದರ ಬಹುಪಾಲು ವಾತಾವರಣದಲ್ಲೇ ಸೋಸಿಹೋಗುತ್ತದೆ. ಗುರುತು ಸುಲಭ: ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ದಾವಣಗೆರೆ, ಚಿತ್ರದುರ್ಗದ ಕಡೆ ಮಾರ್ಚ್ ಕೊನೆಗೆ ಸುಮಾರು 9.45ಕ್ಕೆ, ಡಿಸೆಂಬರ್‌ನಲ್ಲಿ 10.45ರ ಹೊತ್ತಿಗೆ ಹಾಗಾಗುತ್ತದೆ. ಆಗ ತೋಳು, ಮೊಣಕಾಲ ಕೆಳಗಿನ ಭಾಗ ಬಿಸಿಲಿಗೆ ತೆರೆದುಕೊಂಡು 15–20 ನಿಮಿಷ ನಿಂತರೆ ಉಪಯೋಗ. ಮುಖಕ್ಕೆ ಟವೆಲ್ ಇರಲಿ. ಮುಚ್ಚಿದ ಕಿಟಕಿ ಗಾಜಿನ ಹಿಂದೆ ಕೂತರೆ ಯುವಿ-ಬಿ ಬರುವುದೇ ಇಲ್ಲ, ಬಂಗು ಹೆಚ್ಚಿಸುವ ಯುವಿ-ಎ ಮಾತ್ರ ಒಳಗೆ ಬರುತ್ತದೆ.

ಇಡೀ ದಿನ ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರಿಗೆ ಈ ಸಲಹೆ ಬೇಡ. ಅವರಿಗೆ ಬೇಕಾದದ್ದು ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕಣ್ಣಿಗೆ ಯುವಿ ತಡೆಯುವ ಕನ್ನಡಕ. ಕಣ್ಣಿನ ಬಿಳಿಯಿಂದ ಕಪ್ಪುಗುಡ್ಡೆ ಮೇಲೆ ಮಾಂಸ ಬೆಳೆಯುವುದಕ್ಕೆ ವರ್ಷಗಟ್ಟಲೆಯ ಬಿಸಿಲು, ದೂಳೇ ಮುಖ್ಯ ಕಾರಣ.

ಇನ್ನೊಂದು: ರಕ್ತಪರೀಕ್ಷೆ ಇಲ್ಲದೆ ವಾರವಾರ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ತಿಂಗಳುಗಟ್ಟಲೆ ನುಂಗಬೇಡಿ. ಬಿಸಿಲಿನಿಂದ ವಿಟಮಿನ್ ಡಿ ಅತಿಯಾಗುವುದಿಲ್ಲ, ಪುಡಿಯಿಂದ ಆಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.