ಹಸುವಿನ ತೇಗಿಗೆ ಮದ್ದು, ಕೆರೆಯ ನೊರೆಗೆ ಬಲೆ

ಭೂಮಿ ಬಿಸಿಯಾಗುತ್ತಿರುವುದಕ್ಕೆ ಕಾರಣರಾದವರ ಪೈಕಿ ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಯೆಂದರೆ ಹಸು ಒಂದೇ. ಮೆಲುಕು ಹಾಕುವ ಪ್ರಾಣಿಯ ರೂಮೆನ್ ಎಂಬ ಹೊಟ್ಟೆಯ ದೊಡ್ಡ ಚೀಲದಲ್ಲಿ ಮೇವು ಹುದುಗುವಾಗ ಬಿಡುಗಡೆಯಾಗುವ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಂದಿಗೆ ಬೆಸೆದು, ಶಾಖವನ್ನು ಹಿಡಿದಿಡುವ ಮೀಥೇನ್ ಅನಿಲ ಮಾಡುವ ಸೂಕ್ಷ್ಮಜೀವಿಗಳಿವೆ. ಆ ಅನಿಲದ ಬಹುಪಾಲು ಹೊರಬರುವುದು, ಸಭ್ಯರು ಮುಖ ತಿರುಗಿಸಿಕೊಂಡು ಊಹಿಸುವ ದಾರಿಯಿಂದಲ್ಲ, ಬಾಯಿಯಿಂದ, ತೇಗಾಗಿ.

ಇದಕ್ಕೆ ನಮ್ಮ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಟ್ಯಾನಿನ್ ಎಂಬ ಒಗರು ಅಂಶ ಹೇರಳವಾಗಿರುವ ಸಸ್ಯಮೂಲಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ಸಿದ್ಧಪಡಿಸಿದ್ದಾರೆ. 2021ರಲ್ಲಿ ಕೆಜಿಗೆ ಸುಮಾರು 6 ರೂಪಾಯಿಯಿದ್ದ ಈ ಪುಡಿಯಿಂದ ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆ, ತೇಗಿನಲ್ಲಿ ಪೋಲಾಗುತ್ತಿದ್ದ ಶಕ್ತಿ ಹಾಲಿಗೆ ಒದಗುತ್ತದೆ. ಒಗರು ಅತಿಯಾದರೆ ಜೀರ್ಣಕ್ರಿಯೆಯೇ ಕೆಡುವುದರಿಂದ ಅಳತೆಯೂ ನಾಜೂಕಾದದ್ದು. ವಿಜ್ಞಾನಿಗಳ ಕೆಲಸದ ಬಗ್ಗೆ ನನ್ನ ತಕರಾರಿಲ್ಲ; ಹಸುವೊಂದು ಸುಧಾರಿಸಿದರೆ ಸಾಕೆಂದು ನೆಮ್ಮದಿಯಾಗಿ ಮಲಗುವ ನಗರದ ಬಗ್ಗೆ ಇದೆ.

ಕೋರಮಂಗಲ ಕಣಿವೆಯ ರಾಜಕಾಲುವೆ ನಮ್ಮೆಲ್ಲರ ಕೊಳಚೆಯನ್ನು ಹೊತ್ತು ಬೆಳ್ಳಂದೂರು ಕೆರೆಗೆ ಸುರಿಯುತ್ತ ಬಂದಿದೆ, ಮತ್ತು ಗಾಳಿಯಾಡದ ಹೂಳಿನಲ್ಲಿ ಅದೇ ಕುಲದ ಸೂಕ್ಷ್ಮಜೀವಿಗಳು ಅದೇ ಮೀಥೇನನ್ನು ಯಾವ ಹಿಂಡಿ-ಬೂಸಾದ ಖರ್ಚೂ ಇಲ್ಲದೆ ತಯಾರಿಸುತ್ತವೆ. 2015, 2017 ಮತ್ತು 2018ರಲ್ಲಿ ಆ ಕೆರೆಗೆ ಬೆಂಕಿಯೇ ಬಿತ್ತು. ಕೊನೆಯ ಬಾರಿ ಆರಿಸಲು ಸೈನಿಕರು ಬರಬೇಕಾಯಿತು. (ತೇಗುತ್ತಲೇ ಹೊತ್ತಿ ಉರಿದ ಹಸುವನ್ನು ಯಾರೂ ಕಂಡ ವರದಿಯಿಲ್ಲ.) ಕೆರೆಗೆ ನಾವು ಕೊಟ್ಟ ಮದ್ದೆಂದರೆ, ಕೊಳಚೆಯಿಂದೆದ್ದ ನೊರೆ ಹಾರಿ ಸವಾರರ ಮುಖಕ್ಕೆ ಬಡಿಯದಂತೆ ರಸ್ತೆಯಂಚಿಗೆ ಕಟ್ಟಿದ ತಂತಿಬಲೆ.

ಇನ್ನು ಬೀದಿಯ ಹಸುವಿಗೆ ನಗರ ತಾನಾಗಿಯೇ ಒದಗಿಸಿರುವ ಪೂರಕ ಆಹಾರವನ್ನೂ ನೋಡಬೇಕು. ರಾತ್ರಿ ಉಳಿದ ಅನ್ನಸಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿದು, ಬಿಗಿಯಾಗಿ ಗಂಟು ಹಾಕಿ, ತಿರುವಿನ ಕಸದ ರಾಶಿಗೆ ಎಸೆಯುತ್ತೇವೆ. ಗಂಟು ಬಿಚ್ಚಲು ಕೈಯಿಲ್ಲದ ಹಸು ಅದನ್ನು ಗಂಟಿನ ಸಮೇತ ನುಂಗುತ್ತದೆ. ಹುದುಗದ ವಸ್ತುವಿನಿಂದ ಮೀಥೇನ್ ಹುಟ್ಟುವುದಿಲ್ಲವಾದ್ದರಿಂದ ಈ ಕವರು ಹರಿತ್ ಧಾರಾವನ್ನೂ ಮೀರಿಸಿದೆ, ಬೆಲೆಯಂತೂ ಸೊನ್ನೆ. ರೂಮೆನ್ನಿನಲ್ಲಿ ಕವರುಗಳು ಉಂಡೆಗಟ್ಟಿ, ದಾರಿ ಕಟ್ಟಿ, ಹೊಟ್ಟೆಯುಬ್ಬರದಿಂದ ಹಸು ಸತ್ತರೆ ತೇಗಿನ ಇಳಿಕೆ ಶೇ. 100 ಆಗುತ್ತದೆ. ಇಂಥ ಸಾಧನೆಗೆ ಪಾಲಿಕೆ ಇನ್ನೂ ಪೇಟೆಂಟ್ ಕೋರದಿರುವುದು ಅದರ ವಿನಯವೇ ಇರಬೇಕು.