ಪಲ್ಯ ಮರೆತ ಬುತ್ತಿ

ನಮ್ಮ ಡೊಂಬಿವಲಿಯ ಕನ್ನಡ ಮಂಡಳಿಯ ಖಜಾಂಚಿ ಕೇಳಿದ್ದು ಇಷ್ಟೇ: "ನೂರಾ ನಲವತ್ತು ಮಂದಿ ವರ್ಗಣಿ ಕೊಟ್ಟಾರ. ಕನ್ನಡದಾಗ ರಸೀದಿ ಪಿಡಿಎಫ್ ಮಾಡಿ ಕೊಡ್ತೀರೇನು? ನೀವು ಕಂಪ್ಯೂಟರ್‌ನವರು." ವರ್ಡ್‌ನಲ್ಲಿ ಮೇಲ್ ಮರ್ಜ್ ಹಚ್ಚಿ, ಒಂದೇ ನಮೂನೆಗೆ ಹೆಸರುಗಳನ್ನು ತಾನಾಗಿ ತುಂಬಿಸಿದ್ದರೆ ಒಂದು ತಾಸಿನ ಕೆಲಸ. ಆದರೆ 'ಕಂಪ್ಯೂಟರ್‌ನವರು' ಅನ್ನಿಸಿಕೊಂಡ ಮೇಲೆ ವರ್ಡ್ ಮುಟ್ಟಲು ಮಾನ ಬಿಡಬೇಕಲ್ಲ! ಕನ್ನಡ ಪಿಡಿಎಫ್‌ಗೆಂದೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಲೈಬ್ರರಿ, ಅಂದರೆ ಬೇರೆಯವರೂ ಎತ್ತಿ ಬಳಸಬಹುದಾದ ಸಿದ್ಧ ಕೋಡು, ಬರೆದು, ಓಪನ್ ಸೋರ್ಸ್ ಮಾಡಿ, ಲೋಕಕ್ಕೆ ಧಾರೆ ಎರೆದೇ ಬಿಡುತ್ತೇನೆಂದು ಹೊರಟೆ.

ಪಿಡಿಎಫ್ ಅಂದರೆ ಕಾಗದದ ಫೋಟೋ ಎಂದುಕೊಂಡಿದ್ದೆ. 1993ರಲ್ಲಿ ಅಡೋಬಿ ಹೊರತಂದ ಈ ಸ್ವರೂಪ 2008ರಲ್ಲಿ ಐಎಸ್‌ಒ 32000 ಎಂಬ ಮಾನಕವಾಯಿತು. ಅದರ ಪುಸ್ತಕ ಏಳುನೂರು ಪುಟ ದಾಟುತ್ತದೆ. ಮುಂಬೈ ಲೋಕಲ್ ರೈಲಿನಲ್ಲಿ ಠಾಣೆಯಿಂದ ದಾದರ್‌ವರೆಗೆ, ಯಾರದೋ ಮೊಣಕೈ ಪಕ್ಕೆಲುಬಿಗೆ ತಿವಿಯುತ್ತಿರುವಾಗ, ಮೊಬೈಲಿನಲ್ಲಿ ಓದಿದೆ. ಚೆನ್ನಾಗಿ ತಲೆಗೆ ಹೋದದ್ದು ಮೊಣಕೈಯೇ.

ಪಿಡಿಎಫ್‌ನಲ್ಲಿ ಸೊನ್ನೆ ಇರುವುದು ಪುಟದ ಕೆಳಗಿನ ಎಡಮೂಲೆಯಲ್ಲಿ. ಅಲ್ಲಿಂದ ಮೇಲಕ್ಕೆ ಎಣಿಸಬೇಕು, ಇಂಚಿಗೆ 72 ಪಾಯಿಂಟ್, ಎ4 ಹಾಳೆಗೆ 842. ಇದು ನನಗೆ ಹೊಳೆದದ್ದು ಮೊದಲ ರಸೀದಿ ಪ್ರಿಂಟ್ ಆದ ಮೇಲೆ. 40 ಪಾಯಿಂಟ್ ಜಾಗ ಬಿಟ್ಟು ಕೂರಿಸಿದ್ದ 'ಶ್ರೀ ಗಣೇಶಾಯ ನಮಃ' ಹಾಳೆಯ ಬುಡದಲ್ಲಿತ್ತು, ಖಜಾಂಚಿಯ ಸಹಿಯ ಜಾಗ ನೆತ್ತಿಯ ಮೇಲೆ. ಅವ್ವ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ದೇವರನ್ನ ಒಯ್ದು ಕಾಲಾಗ ಹಾಕೀಯಲ್ಲೋ!" ಎಂದಳು. ಮೇಲಿನಿಂದ ಬಿದ್ದ ಪೆಟ್ಟಿಗೋ ಏನೋ, 'ಶ್ರೀ' ಕೂಡ ಒಡೆದು 'ಶ್‌ರೀ' ಆಗಿತ್ತು.

ನಿಜವಾದ ಕಾಟ ಶುರುವಾದದ್ದು ಇಲ್ಲಿಂದ. ಪಿಡಿಎಫ್‌ಗೆಂದು ಗೊತ್ತುಮಾಡಿದ ಮೂಲ ಫಾಂಟುಗಳು 14. ಕನ್ನಡ ಒಂದರಲ್ಲೂ ಇಲ್ಲ. ನಮ್ಮ ಫಾಂಟನ್ನು ನಾವೇ ಹೊತ್ತೊಯ್ಯಬೇಕು. ಒಯ್ದರೂ, ಯಾವ ಆಕಾರ ಎಲ್ಲಿ ಕೂರಬೇಕೆಂದು ಪಿಡಿಎಫ್‌ಗೆ ನಾವೇ ಹೇಳಬೇಕು, ಒತ್ತಕ್ಷರ ಕೆಳಗಿಳಿಸುವ ಉಸಾಬರಿ ಅದು ಮಾಡುವುದಿಲ್ಲ. 'ಶ್ರೀ' ನಮಗೆ ಒಂದೇ ಅಕ್ಷರ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ ನಾಲ್ಕು ಸಂಕೇತ. ಅರ್ಕಾವತ್ತಿನದಂತೂ ಇನ್ನೂ ತಮಾಷೆ: ಸಂಕೇತದಲ್ಲಿ 'ರ' ಮೊದಲು ಬರುತ್ತದೆ, ಬರೆಯುವಾಗ ಕೊನೆಗೆ ಕೂರುತ್ತದೆ. ಮಂಡಳಿಯ ಕುಲಕರ್ಣಿಗಳೆಲ್ಲ ಸಾಲಾಗಿ 'ಕುಲಕರ್‌ಣಿ'ಗಳಾದರು, ಶೆಟ್ಟರು 'ಶೆಟ್‌ಟಿ'ಗಳಾದರು. ನಿಯಮಗಳನ್ನೆಲ್ಲ ನಾನೇ ಬರೆಯುತ್ತೇನೆಂದು ಮೂರು ತಿಂಗಳು ಹೆಣಗಿದೆ. ಇದೇ ಕೆಲಸವನ್ನು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಕ್ರೋಮ್‌ಗೂ ಫೈರ್‌ಫಾಕ್ಸ್‌ಗೂ ಎಂದಿನಿಂದಲೋ ಬಿಟ್ಟಿ ಮಾಡಿಕೊಡುತ್ತಿದೆ. ಅದರ ಕಾಲು ಹಿಡಿದೆ. ಒಂದೇ ಸಂಜೆಯಲ್ಲಿ ಕುಲಕರ್ಣಿಗಳು ಚೇತರಿಸಿಕೊಂಡರು. ಆ ಮೂರು ತಿಂಗಳ ಮಾತನ್ನು ಮನೆಯಲ್ಲಿ ನಾನು ಎತ್ತುವುದಿಲ್ಲ.

"ಇನ್ನ ಪ್ಯಾಕೇಜ್ ಮಾಡೂದೊಂದ ಬಾಕಿ" ಎಂದೆ.

"ಕೊರಿಯರ್‌ನವ ಎಷ್ಟೊತ್ತಿಗೆ ಬರ್ತಾನ್ರೀ?" ಎಂದಳು ಹೆಂಡತಿ.

ಹಾಗಲ್ಲ, ಇದು ಬುತ್ತಿ ಕಟ್ಟಿದ ಹಾಗೆ ಎಂದು ಬಿಡಿಸಿ ಹೇಳಿದೆ. ಕೋಡು, ಫಾಂಟು, ಲೈಸೆನ್ಸಿನ ಚೀಟಿ, ಜೊತೆಗೆ ಬೇಕಾದ ಬೇರೆ ಲೈಬ್ರರಿಗಳ ಹೆಸರು, ಎಲ್ಲ ಒಂದೇ ಗಂಟಿನಲ್ಲಿ. ಅದಕ್ಕೆ 'ವೀಲ್' ಎಂಬ ದೊಡ್ಡ ಹೆಸರಿದ್ದರೂ ಒಳಗೆ ಅದು ಬರೀ ಜಿಪ್ ಫೈಲು. "ಬುತ್ತಿ ಕಟ್ಟಲಿಕ್ಕೆ ನಿಮಗ ಬರ್ತದೇನು?" ಎಂದು ಕೇಳಿ ಒಳಗೆ ಹೋದಳು.

ಪೈಪಿಐ ಎಂಬ ಪೈಥಾನ್ ಭಂಡಾರದಲ್ಲಿ ನಾನು ಯೋಚಿಸಿಟ್ಟ ನಾಲ್ಕೂ ಹೆಸರನ್ನು ಯಾರೋ ಹಿಡಿದಿದ್ದರು. ಒಂದರೊಳಗಂತೂ ಏನೂ ಇರಲಿಲ್ಲ, ಲೋಕಲ್‌ನ ಕಿಟಕಿ ಸೀಟಿಗೆ ಕರ್ಚೀಫ್ ಎಸೆದು ಹೋದ ಹಾಗೆ. ಐದನೆಯ ಹೆಸರಿನಲ್ಲಿ, ರಾತ್ರಿ ಒಂದೂವರೆಗೆ, 0.1.0 ಎಂಬ ಮೊದಲ ಆವೃತ್ತಿ ಏರಿಸಿ ಮಲಗಿದೆ.

ಮರುದಿನ ಹೆಂಡತಿಗೆ ಬೇಗ ಹೊರಡುವುದಿತ್ತು. ನನ್ನ ಬುತ್ತಿ ನಾನೇ ಕಟ್ಟಿಕೊಂಡೆ. ಮಧ್ಯಾಹ್ನ ಪುಣೆಯಿಂದ ಅವಳ ತಮ್ಮನ ಫೋನು: "ಭಾವ, ಇನ್‌ಸ್ಟಾಲ್ ಏನೋ ಆತು. ಫಾಂಟ್ ಸಿಗವಲ್ದು ಅಂತದ."

"ನನ್ನ ಲ್ಯಾಪ್‌ಟಾಪ್‌ನಾಗ ನಡೀತದಲ್ಲ!"

"ನಿಮ್ಮ ಲ್ಯಾಪ್‌ಟಾಪ್ ಎಲ್ಲಾರಿಗೂ ಕಳಸ್ತೀರೇನು ಭಾವ?"

ಜಿಪ್ ಬಿಚ್ಚಿ ನೋಡಿದೆ. ಫಾಂಟಿನ ಲೈಸೆನ್ಸ್ ಚೀಟಿ ಇತ್ತು, ಫಾಂಟ್ ಇರಲಿಲ್ಲ. ಪೈಥಾನ್ ಫೈಲುಗಳು ತಾವಾಗಿಯೇ ಗಂಟಿನೊಳಗೆ ಹೋಗಿದ್ದವು. ಉಳಿದದ್ದನ್ನು ಹೆಸರು ಹಿಡಿದು ಕರೆಯಬೇಕಿತ್ತು, ಕರೆದಿರಲಿಲ್ಲ. ನನ್ನ ಯಂತ್ರದಲ್ಲಿ ಫಾಂಟು ಪಕ್ಕದ ಫೋಲ್ಡರ್‌ನಲ್ಲೇ ಇದ್ದುದರಿಂದ ಗುಟ್ಟು ರಟ್ಟಾಗಿರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೇ ಊಟದ ಡಬ್ಬಿ ತೆರೆದೆ. ಕೆಳಗಿನದರಲ್ಲಿ ಐದು ಚಪಾತಿ. ಮೇಲಿನದರಲ್ಲಿ, ಬೆಳಿಗ್ಗೆ ತೊಳೆದಿಟ್ಟ ನಾಲ್ಕು ಹನಿ ನೀರು.

ಅಷ್ಟರಲ್ಲಿ ಹೆಂಡತಿಯ ಮೆಸೇಜು ಬಂತು: "ಬದನಿಕಾಯಿ ಪಲ್ಯ ಒಲಿಕಟ್ಟಿ ಮ್ಯಾಲೆ ಅದ."

0.1.0 ಅಳಿಸಿ ಸದ್ದಿಲ್ಲದೆ ಅದೇ ಹೆಸರಿನಲ್ಲಿ ಮತ್ತೆ ಏರಿಸೋಣವೆಂದರೆ ಪೈಪಿಐ ಬಿಡುವುದಿಲ್ಲ. ಒಮ್ಮೆ ಬಳಸಿದ ಫೈಲಿನ ಹೆಸರು, ಅಳಿಸಿದರೂ ಮತ್ತೆ ಸಿಗದು. ಖಾಲಿ ಚಪಾತಿ ನುಂಗುತ್ತ 0.1.1 ಕಟ್ಟಿದೆ.

ಏಳು ತಿಂಗಳ ಮೇಲೆ ರಸೀದಿಗಳ ಕಟ್ಟು ಹಿಡಿದು ಖಜಾಂಚಿಯ ಮನೆಗೆ ಹೋದೆ. ಅವರು ಎಂದೋ ಪೇಟೆಯಿಂದ ರಸೀದಿ ಪುಸ್ತಕ ತಂದು, ನೂರಾ ನಲವತ್ತನ್ನೂ ಕೈಯಲ್ಲೇ ಬರೆದು ಹಂಚಿಬಿಟ್ಟಿದ್ದರು. ತಿರುವಿ ನೋಡಿದೆ. ಒಬ್ಬ ಕುಲಕರ್ಣಿಯ ಅರ್ಕಾವತ್ತೂ ತಪ್ಪಿರಲಿಲ್ಲ.

"ಛಲೋ ಆತು ಬಂದ್ರಿ," ಎಂದು ಪೆನ್ನು ತೆಗೆದರು. "ನಿಮ್ಮ ವರ್ಗಣಿ ಒಂದ ಬಾಕಿ ಉಳದದ ನೋಡ್ರಿ."