ಸತ್ಯಾಂಶ: ಮೊದಲು ಹೊಳೆದ ಉತ್ತರವೇ ಸರಿನಾ?

"ಪರೀಕ್ಷೆಯಲ್ಲಿ ಮೊದಲು ಹೊಳೆದ ಉತ್ತರವೇ ಸರಿ, ಯಾವತ್ತೂ ಬದಲಿಸಬೇಡಿ." ಅಮೆರಿಕದಲ್ಲಿ ಸೈಕಾಲಜಿಸ್ಟ್ ಲೈಸೆನ್ಸಿಗೆ ಓದುತ್ತಿರುವ ನನ್ನ ತಂಗಿಗೆ ಅಂತ ಚಿಕ್ಕಪ್ಪ ಈ ಫಾರ್ವರ್ಡನ್ನು ನಮ್ಮ ಮಡಿಕೇರಿಯ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದರು. ಕಣದಲ್ಲಿ ಕಾಫಿ ಹರವುತ್ತಲೇ ಓದಿದೆ.

ಇದು ತಪ್ಪು. ಸೈಕಾಲಜಿ ಸಂಶೋಧಕ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ 1,561 ಸೈಕಾಲಜಿ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಅಳಿಸಿದ ಗುರುತುಗಳನ್ನು ಎಣಿಸಿದರು. ಬದಲಿಸಿದ್ದರಲ್ಲಿ 51% ತಪ್ಪಿನಿಂದ ಸರಿಗೆ ಹೋಗಿದ್ದವು. ಸರಿಯಿಂದ ತಪ್ಪಿಗೆ ಹೋದದ್ದು 25% ಮಾತ್ರ. ಉಳಿದವು ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ.

ಮತ್ತೆ ಎಲ್ಲರೂ ಯಾಕೆ ನಂಬುತ್ತಾರೆ? ಸರಿ ಇದ್ದದ್ದನ್ನು ಕೈಯಾರೆ ಅಳಿಸಿದ್ದು ಹೊಟ್ಟೆ ಉರಿಸುತ್ತದೆ, ವರ್ಷಗಟ್ಟಲೆ ನೆನಪಿರುತ್ತದೆ. ಬದಲಿಸಿ ಗಿಟ್ಟಿಸಿದ ಅಂಕ ಯಾರಿಗೆ ನೆನಪಿರುತ್ತೆ ಹೇಳಿ!

ತಂಗಿ ಬರೆಯುವ ಇಪಿಪಿಪಿ, ಅಂದರೆ ಆ ಸೈಕಾಲಜಿಸ್ಟ್ ಲೈಸೆನ್ಸಿನ ಪರೀಕ್ಷೆಯ ಮೊದಲ ಭಾಗದಲ್ಲಿ 225 ಪ್ರಶ್ನೆ, 4 ಗಂಟೆ 15 ನಿಮಿಷ. ಅದರಲ್ಲಿ 50 ಪ್ರಶ್ನೆಗೆ ಅಂಕವೇ ಇಲ್ಲ, ಸುಮ್ನೆ ಪ್ರಯೋಗಕ್ಕೆ ಸೇರಿಸಿದವು. ಯಾವುವು ಅಂತ ಬರೆಯುವವರಿಗೆ ಗೊತ್ತಾಗುವುದಿಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಟ್ಟರೇ ನಷ್ಟ.

ಹಾಗಂತ ಗಾಬರಿಯಲ್ಲಿ ಎಲ್ಲ ಬದಲಿಸೋದಲ್ಲ. ಪ್ರಶ್ನೆಯಲ್ಲಿದ್ದ "ಅಲ್ಲ" ಅನ್ನೋ ಪದ ಕಣ್ತಪ್ಪಿತ್ತು, ಈಗ ಕಾಣಿಸಿತು ಅಂದ್ರೆ ಬದಲಿಸಿ. ಚಿಕ್ಕಪ್ಪನಿಗೂ ಇಷ್ಟೇ ಬರೆದೆ. ಒಂದು ಹೆಬ್ಬೆಟ್ಟು ಬಂತು.